ಶ್ರೀಶೈಲ ಪಾದಯಾತ್ರಿಗೆ ಎಂಥಾ ಸ್ಟೋವ್ ಒಯ್ಯಬೇಕು, ಗ್ಯಾಸ್ ಯಾವ್ದಿರ್ಬೇಕು

ಹೋಳಿ ಹುಣ್ಣಿವಿ ಹತ್ರ ಬಂತಂದ್ರ ನಮ್ಮ ವಿಜಯಪುರ, ಬಾಗಲಕೋಟಿ, ಬೆಳಗಾವಿ ಕಡಿಂದ ಮಲ್ಲಯ್ಯನ ಪಾದಯಾತ್ರಿ ತಯಾರಿ ಶುರು, ಯುಗಾದಿಗೆ ಶ್ರೀಶೈಲ ಮುಟ್ಟಬೇಕಲ್ರಿ. ಸ್ಟೋವ್ ತಗೊಳ್ಳುವಾಗ ಎಲ್ಲಾರೂ ಉರಿ ಎಷ್ಟು ಜೋರ್ ಬರ್ತೈತಿ ಅಂತ ನೋಡ್ತಾರ, ಆದ್ರ ಮೊದ್ಲ ವಿಚಾರ ಮಾಡ್ಬೇಕಾದ್ದು ನಡುದಾರ್ಯಾಗ ಗ್ಯಾಸ್ ಖಾಲಿ ಆದ್ರ ಅದು ಎಲ್ಲಿ ಸಿಗ್ತೈತಿ ಅಂತ.

ಇನ್ನೊಂದು, ನೀವು ಅಡಿಗಿ ಮಾಡೋದರ ಎಷ್ಟು? ದಾರಿಗುಂಟ ಊರೂರಾಗ ದಾಸೋಹ ಇರ್ತಾವ, ಬುತ್ತ್ಯಾಗ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮಾದ್ಲಿ ಇದ್ದೇ ಇರ್ತಾವ. ಉಳಿಯೋದು ಚಾ, ಉಪ್ಪಿಟ್ಟು, ಕಾಲಿಗೆ ಹಾಕ್ಕೊಳ್ಳಾಕ ಬಿಸ್ನೀರು, ಇಷ್ಟ.

ಹೆಗಲ ಮ್ಯಾಲ ಚೀಲ ಹೊತ್ಕೊಂಡು ಮೂರ್ನಾಕ ಮಂದಿ ಹೋಗೋರಿಗೆ ಸಣ್ಣ ಬ್ಯೂಟೇನ್ (ಒತ್ತಿ ನೀರಿನಂಗ ಮಾಡಿ ತುಂಬಿದ ಗ್ಯಾಸ್) ಡಬ್ಬಿ ಸ್ಟೋವ್ ಸಾಕು. 220 ಗ್ರಾಂ ಡಬ್ಬಿ ಒಂದ್ರಾಗ, ಗಾಳಿ ಇಲ್ಲಾಂದ್ರ, ಸುಮಾರು 15 ಲೀಟರ್ ನೀರು ಕುದೀತಾವ, ಗಾಳಿ ಬೀಸಿದ್ರ ಅದರ ಅರ್ಧಕ್ಕ ಬಂದ್ರೂ ಬರಬಹುದು, ಅದಕ್ಕ ಗ್ವಾಡಿ ಮರಿ ಹಿಡೀರಿ. ಸ್ಟೋವ್ ಸುತ್ತ ತಗಡು ಪೂರ್ತಿ ಸುತ್ತಬ್ಯಾಡ್ರಿ, ಬೆಂಕಿ ಕೆಳಗೇ ಡಬ್ಬಿ ಇರೋ ಸ್ಟೋವಿನ್ಯಾಗ ಡಬ್ಬಿನೂ ಕಾಯ್ತೈತಿ. ಚಳಿಗಾಲದ ಹಿಮಾಲಯದಾಗ ಬ್ಯೂಟೇನ್ ಕೈ ಕೊಡ್ತೈತಿ ಯಾಕಂದ್ರ ಸೊನ್ನಿ ಡಿಗ್ರಿ ಹತ್ರ ಅದು ಗ್ಯಾಸ್ ಆಗೋದ ನಿಂತ್ ಬಿಡ್ತೈತಿ, ನಮ್ಮ ಚಿಂತಿ ಉಲ್ಟಾ, ಡಬ್ಬಿ ಮ್ಯಾಲ ಬರದಿರ್ತಾರ ನೋಡ್ರಿ 50 ಡಿಗ್ರಿ ದಾಟಬಾರದು ಅಂತ, ಮಾರ್ಚ್ ಬಿಸಲಾಗ ಕಿಡಕಿ ಹಾಕಿ ನಿಲ್ಲಿಸಿದ ಗಾಡಿ ಒಳಗ ಅಷ್ಟು ಆಗಾಕ ಹೊತ್ತ ಹಿಡಿಯೂದಿಲ್ಲ. ಒದ್ದಿ ಅರಬಿ ಸುತ್ತಿ ನೆರಳಾಗ ಇಡ್ರಿ.

ಪೆಟ್ಟಿಗಿ ಥರಾ ಸ್ಟೋವ್ ಬರ್ತಾವಲ್ಲ, ಬಾಜೂಕ ಡಬ್ಬಿ ಮಲಗಿಸಿ ಹ್ಯಾಂಡಲ್ ಒತ್ತೋವು, ಅದರ ಮ್ಯಾಲ ರೊಟ್ಟಿ ಹಂಚು ಇಡೋದು ಅಪಾಯ. ಹಂಚು ಅಗಲ ಇರ್ತೈತಿ, ಅಂಚು ಡಬ್ಬಿ ಇರೋ ಕಡೆ ಚಾಚ್ತೈತಿ, ಕಬ್ಬಣ ಕಾದು ಆ ಝಳ ಕೆಳಗ ಡಬ್ಬಿಗೆ ಹೊಡದು ಸಿಡೀಬಹುದು. ಬಿಸಿ ರೊಟ್ಟಿ ತಿನ್ನೋ ಆಸಿ ಇದ್ರ ಊರಾಗ ಯಾರರ ಮನ್ಯಾಗ ಕೇಳ್ರಿ, ಇಲ್ಲ ಅನ್ನೋ ಮಂದಿ ಅಲ್ಲ. ಖರೀದಿ ಮಾಡುವಾಗ ಡಬ್ಬಿ ತಿರುವಿ ಹಾಕೋದೋ, ಹ್ಯಾಂಡಲ್ ಒತ್ತೋದೋ ನೋಡ್ಕೋರಿ, ಒಂದರ ಡಬ್ಬಿ ಇನ್ನೊಂದಕ್ಕ ಕೂಡೂದಿಲ್ಲ. ಹಳ್ಳಿ ಕಿರಾಣಿ ಅಂಗಡ್ಯಾಗ ಇವು ಸಿಗ್ತಾವ ಅನ್ನೋ ಭರವಸೆ ಬ್ಯಾಡ, ಬೇಕಾದಷ್ಟು ಇಲ್ಲಿಂದನ ಒಯ್ರಿ.

ಹತ್ತಿಪ್ಪತ್ ಮಂದಿ, ಹಿಂದ ಸಾಮಾನಿನ ಗಾಡಿ ಇದ್ರ 5 ಕೆಜಿ ಸಿಲಿಂಡರ್ ಚಲೋ, ಇಂಡಿಯನ್ ಆಯಿಲ್‌ನವ್ರು ಛೋಟು ಅಂತ ಮಾರ್ತಾರಲ್ಲ ಅದು. ಗುರುತಿನ ಚೀಟಿ ತೋರ್ಸಿದ್ರ ಸಾಕು, ಅಡ್ರೆಸ್ ಪ್ರೂಫ್ ಕೇಳೂದಿಲ್ಲ, ದಾರ್ಯಾಗ ಅದ ಕಂಪನಿ ಏಜೆನ್ಸ್ಯಾಗ ಬದ್ಲಿ ಮಾಡ್ಕೋಬಹುದು. ಹಿಡಕಿ ಹತ್ರ ಪಟ್ಟಿ ಮ್ಯಾಲ ಬಿ-27 ಅಂತೇನರ ಬರದಿರ್ತೈತಿ, ಅಂದ್ರ 2027ರ ಏಪ್ರಿಲ್‌ನಿಂದ ಜೂನ್ ಒಳಗ ಅದನ್ನ ಟೆಸ್ಟ್‌ಗೆ ಕಳಸಬೇಕು ಅಂತ, ಆ ತಾರೀಖು ದಾಟಿದ್ದು ಕೊಟ್ರ ಬ್ಯಾಡ ಅನ್ರಿ. ರೆಗ್ಯುಲೇಟರ್ ಅಲ್ಲೇ ಹಾಕಿಸಿ ಸಬಕಾರ ನೀರು ಹಚ್ಚಿ ಗುಳ್ಳಿ ಏಳ್ತಾವನು ನೋಡ್ರಿ. ಮನಿ ಸಿಲಿಂಡರಿಂದ ಸಣ್ಣದಕ್ಕ ಗ್ಯಾಸ್ ತುಂಬಿ ಕೊಡೋರ ಹತ್ರ ಹೋಗಲೇಬ್ಯಾಡ್ರಿ.

ಚಿಮಣಿ ಎಣ್ಣಿ ಪಂಪ್ ಸ್ಟೋವ್ ಹಳೇ ಮಂದಿಗೆ ಇನ್ನೂ ಪ್ರೀತಿ, ಗಾಳಿಗೂ ಗಟ್ಟಿ, ಆದ್ರ ಈಗ ಎಣ್ಣಿ ಸಿಗೋದ ಕಷ್ಟ, ಪಿನ್ನು ವಾಶರ್ ಬ್ಯಾರೆ ಇಟ್ಕೊಂಡು ತಿರಗಬೇಕು.

ಯಾವ್ದ ಇರ್ಲಿ, ಟೆಂಟ್ ಒಳಗ ಹಚ್ಚಬ್ಯಾಡ್ರಿ, ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ರ ನೆಲಕ್ಕ ಕೂಡ್ತೈತಿ, ಅಲ್ಲೇ ನೀವು ಮಲಗಿರ್ತೀರಿ. ವಾಪಸ್ ಟ್ರೇನ್ ಹತ್ತೋರು ಡಬ್ಬಿ, ಸಿಲಿಂಡರ್ ಏನೂ ಒಯ್ಯುವಂಗಿಲ್ಲ, ಮೂರು ವರ್ಷದ ತನಕ ಜೈಲು ಆಗಬಹುದು. 2023ರ ಆಗಸ್ಟ್‌ನ್ಯಾಗ ಮದುರೈ ಸ್ಟೇಶನ್ ಹತ್ರ ಯಾತ್ರಿಕರ ಬೋಗಿಗೆ ಬೆಂಕಿ ಹತ್ತಿ 9 ಮಂದಿ ಹೋದ್ರು, ಒಳಗ ಕದ್ದುಮುಚ್ಚಿ ಒಯ್ದ ಸಿಲಿಂಡರ್ ಇತ್ತು. ಗಾಡಿ ಜೋಡಿ ವಾಪಸ್ ಕಳಸ್ರಿ.

ಆಂಧ್ರದ ಆತ್ಮಕೂರು ದಾಟಿ ವೆಂಕಟಾಪುರಂದಿಂದ ನಲ್ಲಮಲ ಅಡವಿ ಶುರು. ಅಲ್ಲಿಂದ ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಳ್ಳ ಏರಿ ಕೈಲಾಸದ್ವಾರ ಮುಟ್ಟೂ ತನಕ ಹುಲಿ ಇರೋ ಕಾಡು, ಕಾಲಾಗೆಲ್ಲಾ ಒಣ ಎಲಿ. ಅಲ್ಲಿ ಸ್ಟೋವ್ ಬ್ಯಾಡ, ಮೂರು ಕಲ್ಲಿಟ್ಟು ಒಲಿ ಹಚ್ಚೋದಂತೂ ಬ್ಯಾಡೇ ಬ್ಯಾಡ. ಆ ಹೊತ್ತಿಗೆ ಅಂತ ರೊಟ್ಟಿ, ಹಿಂಡಿ, ಚುರುಮುರಿ ಉಳಿಸಿ ಇಟ್ಕೊಂಡಿರ್ರಿ, ಚಾ ಮ್ಯಾಲ ಹೋಗಿ ಕುಡಿಯೋಣು.