ಆಕಾಶದಿಂದ ಎಲೆಯ ಹಸಿರನ್ನು ಓದುವುದು ಹೇಗೆ?

ಒಂದು ಮಾವಿನ ಎಲೆ, ಒಂದು ಹಲಸಿನ ಎಲೆ ಕೈಯಲ್ಲಿ ಹಿಡಿದು ನೋಡಿ. ಎರಡೂ ಹಸಿರು. ಆಕಾರ ಮುಚ್ಚಿ ಬಣ್ಣ ಮಾತ್ರ ತೋರಿಸಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ನಮ್ಮ ಕಣ್ಣಿಗಿರುವುದು ಕೆಂಪು, ಹಸಿರು, ನೀಲಿ ಎಂಬ ಮೂರೇ ಅಳತೆ. ಇಮೇಜಿಂಗ್ ಸ್ಪೆಕ್ಟ್ರೋಮೀಟರ್ ಎಂಬ ಕ್ಯಾಮೆರಾ ಅದೇ ಬೆಳಕನ್ನು ನೂರಾರು ಪಟ್ಟಿಗಳಾಗಿ ಸೀಳುತ್ತದೆ. ಹಳೇ ಸಿಡಿಯನ್ನು ಬಿಸಿಲಿಗೆ ಹಿಡಿದರೆ ಕಾಮನಬಿಲ್ಲು ಕಾಣುತ್ತದೆ ಅಲ್ವಾ? ಕ್ಯಾಮೆರಾದ ಒಳಗೂ ನಡೆಯುವುದು ಅದೇ.

ನಾಸಾದ ಜೆಪಿಎಲ್ ಪ್ರಯೋಗಾಲಯ ಕಟ್ಟಿದ ಅವಿರಿಸ್-ಎನ್‌ಜಿ ಇಂಥದ್ದೊಂದು ಉಪಕರಣ. 380ರಿಂದ 2510 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಬೆಳಕನ್ನು 5 ನ್ಯಾನೋಮೀಟರ್‌ಗೆ ಒಂದರಂತೆ ಸುಮಾರು 425 ಪಟ್ಟಿ ಮಾಡುತ್ತದೆ. 2015ರ ಡಿಸೆಂಬರ್‌ನಿಂದ 2016ರ ಮಾರ್ಚ್‌ವರೆಗೆ ಇಸ್ರೊದ ಬಿ-200 ವಿಮಾನದಲ್ಲಿ ಕೂತು ದೇಶದ 57 ಜಾಗಗಳ ಮೇಲೆ ಹಾರಿತು. ನಮ್ಮ ಬಂಡೀಪುರಕ್ಕೆ ತಾಗಿಕೊಂಡಿರುವ ಮುದುಮಲೆ ಕಾಡೂ ಅವುಗಳಲ್ಲಿ ಒಂದು.

1. ಏನು ಬೇಕೆಂದು ಮೊದಲು ತೀರ್ಮಾನಿಸಿ

ಮರದ ಜಾತಿ ಬೇಕೋ, ಎಲೆಯ ನೀರಿನಂಶ ಬೇಕೋ? ಅದರ ಮೇಲೆ ಎತ್ತರ ನಿಂತಿದೆ. ಈ ಉಪಕರಣ 4 ಕಿ.ಮೀ. ಎತ್ತರದಲ್ಲಿ ಹಾರಿದರೆ ಚಿತ್ರದ ಒಂದು ಚುಕ್ಕಿ, ಅಂದರೆ ಪಿಕ್ಸೆಲ್, ನೆಲದ ಮೇಲೆ ಸುಮಾರು 4 ಮೀಟರ್, 8 ಕಿ.ಮೀ.ಗೆ ಏರಿದರೆ 8 ಮೀಟರ್. 2018ರ ನವೆಂಬರ್ 29ರಂದು ಹಾರಿಸಿದ ಇಸ್ರೊದ ಹೈಸಿಸ್ ಉಪಗ್ರಹದ ಪಿಕ್ಸೆಲ್ 30 ಮೀಟರ್. ಅಷ್ಟರಲ್ಲಿ ತೇಗ, ಮತ್ತಿ, ದಿಂಡಿಗ ಎಲ್ಲ ಸೇರಿ ಕಲಸುಮೇಲೋಗರ ಆಗಿಬಿಡುತ್ತದೆ. ಒಂಟಿ ಮರ ಬೇಕೆಂದರೆ ವಿಮಾನವೇ ಸರಿ.

2. ಹೊತ್ತು ನೋಡಿ ಹಾರಿ

ಮೋಡ ಇರಬಾರದು. ಬಿಸಿಲು ನೆತ್ತಿಯ ಹತ್ತಿರ ಇರಬೇಕು, ಇಲ್ಲದಿದ್ದರೆ ಒಂದು ಮರದ ನೆರಳು ಇನ್ನೊಂದರ ಮೇಲೆ ಬೀಳುತ್ತದೆ. ಎಲೆ ಉದುರುವ ಕಾಡಾದರೆ ತಿಂಗಳೂ ಮುಖ್ಯ. ತೇಗ ಬೋಳಾದ ಮೇಲೆ ಹಾರಿದರೆ ಸಿಗುವುದು ರೆಂಬೆ ಮತ್ತು ನೆಲದ ಲೆಕ್ಕ.

3. ನೆಲದಲ್ಲಿ ಬಿಳಿ ಹಲಗೆ ಇಡಿ

ನನ್ನ ಪ್ರಕಾರ ಇಡೀ ಕೆಲಸದ ಗಟ್ಟಿತನ ಇರುವುದು ಇಲ್ಲೇ. ವಿಮಾನದ ಫೋಟೊ ಎಲ್ಲರೂ ಹಾಕುತ್ತಾರೆ, ಹಲಗೆ ಹಿಡಿದು ಬಿಸಿಲಲ್ಲಿ ನಿಂತವರ ಫೋಟೊ ಯಾರೂ ಹಾಕುವುದಿಲ್ಲ!

ಮೇಲೆ ವಿಮಾನ ಹಾರುವ ಹೊತ್ತಿಗೇ ಕೆಳಗೆ ಒಂದು ತಂಡ ಕೈ ಸ್ಪೆಕ್ಟ್ರೋಮೀಟರ್ ಹೊತ್ತು ನಿಂತಿರುತ್ತದೆ. ಬಿದ್ದ ಬೆಳಕನ್ನೆಲ್ಲ ಹೆಚ್ಚುಕಡಿಮೆ ಪೂರ್ತಿ ವಾಪಸ್ ಕಳಿಸುವ ಒಂದು ಬಿಳಿ ಹಲಗೆ ಅವರ ಹತ್ತಿರ ಇರುತ್ತದೆ. ಮೊದಲು ಹಲಗೆಯ ಅಳತೆ, ಆಮೇಲೆ ಎಲೆಯ ಅಳತೆ. ಎಲೆಯದನ್ನು ಹಲಗೆಯದರಿಂದ ಭಾಗಿಸಿದರೆ ಎಲೆ ಎಷ್ಟು ಬೆಳಕು ಹಿಂದಕ್ಕೆ ಕೊಟ್ಟಿತೆಂದು ಗೊತ್ತಾಗುತ್ತದೆ. ವಿಮಾನದ ಅಳತೆಯನ್ನು ಇದರ ಜೊತೆ ತಾಳೆ ನೋಡುವುದು. ಕೆಲವು ನಿಮಿಷಕ್ಕೊಮ್ಮೆ ಹಲಗೆಯನ್ನು ಮತ್ತೆ ಅಳೆಯಬೇಕು. ತೆಳು ಮೋಡ ಹಾದುಹೋದರೂ ಲೆಕ್ಕ ತಪ್ಪುತ್ತದೆ. ಸೂರ್ಯನ ಕಡೆ ಮುಖ ಮಾಡಿ ನಿಲ್ಲಿ, ನಿಮ್ಮ ನೆರಳು ಎಲೆಯ ಮೇಲೆ ಬೀಳದಿರಲಿ. ಬಿಳಿ ಅಂಗಿ ಮಾತ್ರ ಬೇಡ. ಅಂಗಿಯಿಂದ ಚಿಮ್ಮಿದ ಬೆಳಕೂ ಎಲೆಯ ಖಾತೆಗೆ ಸೇರಿಬಿಡುತ್ತದೆ. ಕಡು ಬಣ್ಣದ ಬಟ್ಟೆ ಹಾಕಿಕೊಳ್ಳಿ.

ಒಂದೊಂದು ಮರದ ಹೆಸರು, ಜಿಪಿಎಸ್ ಜಾಗ ಬರೆದುಕೊಳ್ಳಿ. ದಟ್ಟ ಮರದಡಿ ಮಾಮೂಲಿ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸಬಹುದು. 4 ಮೀಟರ್ ಪಿಕ್ಸೆಲ್‌ನಲ್ಲಿ ಅಷ್ಟಾದರೆ ಪಕ್ಕದ ಮರಕ್ಕೆ ಇದರ ಹೆಸರು! ಸುಲಭವಾಗಿ ಗುರುತು ಸಿಗುವ, ಅಗಲ ನೆತ್ತಿಯ ಮರಗಳನ್ನೇ ಆರಿಸಿಕೊಳ್ಳಿ.

4. ಗಾಳಿಯ ಪಾಲನ್ನು ಕಳೆಯಿರಿ

ಎಲೆಗೂ ವಿಮಾನಕ್ಕೂ ನಡುವೆ ಇರುವ ನೀರಾವಿ, ದೂಳು ಕೂಡ ಬೆಳಕನ್ನು ನುಂಗುತ್ತವೆ. ಇದನ್ನು ಕಳೆಯಲು ಸಾಫ್ಟ್‌ವೇರ್ ಇದೆ. 1400 ಮತ್ತು 1900 ನ್ಯಾನೋಮೀಟರ್ ಆಸುಪಾಸಿನ ಪಟ್ಟಿಗಳನ್ನು ಮಾತ್ರ ಸುಮ್ನೆ ಬಿಸಾಡಿ. ಅಲ್ಲಿನ ಬೆಳಕನ್ನೆಲ್ಲ ನೀರಾವಿ ಕುಡಿದಿರುತ್ತದೆ.

5. ಗೆರೆ ಓದಿ

ಈಗ ಪ್ರತಿ ಪಿಕ್ಸೆಲ್‌ಗೂ ಒಂದು ಗ್ರಾಫ್ ಸಿಗುತ್ತದೆ. ಆರೋಗ್ಯವಂತ ಎಲೆಯ ಗೆರೆ 550 ನ್ಯಾನೋಮೀಟರ್ ಹತ್ತಿರ ಸಣ್ಣ ದಿಬ್ಬ ಏರುತ್ತದೆ. ನಾವು ಹಸಿರು ಅನ್ನುವುದು ಇದನ್ನೇ. 680ರ ಹತ್ತಿರ ಪತ್ರಹರಿತ್ತು ಕೆಂಪನ್ನು ಹೀರುವುದರಿಂದ ಗೆರೆ ಹಳ್ಳಕ್ಕೆ ಬೀಳುತ್ತದೆ. ಅಲ್ಲಿಂದ 750ಕ್ಕೆ ಹೋಗುವಷ್ಟರಲ್ಲಿ ಗೋಡೆ ಹತ್ತಿದಂತೆ ಮೇಲೇರುತ್ತದೆ. ಇದಕ್ಕೆ ರೆಡ್ ಎಡ್ಜ್ ಅನ್ನುತ್ತಾರೆ. ಗಿಡ ಸೊರಗಿ ಪತ್ರಹರಿತ್ತು ಕಡಿಮೆಯಾದರೆ ಈ ಗೋಡೆ ಎಡಕ್ಕೆ ಸರಿಯುತ್ತದೆ. ಎಷ್ಟೋ ಸಲ ಎಲೆ ಹಳದಿಯಾಗಿದ್ದು ಕಣ್ಣಿಗೆ ಕಾಣುವ ಮೊದಲೇ. 970 ಮತ್ತು 1200ರ ಹತ್ತಿರದ ತಗ್ಗುಗಳು ಎಲೆಯೊಳಗಿನ ನೀರಿನ ಗುರುತು.

ಹಸಿರು ಎಷ್ಟು ದಟ್ಟವಿದೆ ಎನ್ನಲು ಸುಲಭದ ಲೆಕ್ಕ ಎನ್‌ಡಿವಿಐ. ಬಿದ್ದ ಬೆಳಕು 1 ಆದರೆ, ಎಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ನಲ್ಲಿ 0.45, ಕೆಂಪಿನಲ್ಲಿ 0.05 ವಾಪಸ್ ಕೊಟ್ಟಿತು ಅಂದುಕೊಳ್ಳಿ. ವ್ಯತ್ಯಾಸ 0.40, ಮೊತ್ತ 0.50, ಭಾಗಿಸಿದರೆ 0.8. ಒಣ ಹುಲ್ಲಿಗೆ 0.30 ಮತ್ತು 0.20 ಬಂದರೆ ಉತ್ತರ 0.2. ಇದಿಷ್ಟಕ್ಕೆ ಎರಡೇ ಪಟ್ಟಿ ಸಾಕು, 425 ಬೇಡ. ನೀರು, ಜಾತಿ, ಸಾರಜನಕ ಕೇಳಿದಾಗಲೇ ಉಳಿದವು ಬೇಕಾಗುವುದು. ಕ್ಯಾಲಿಫೋರ್ನಿಯಾದ ಬರಗಾಲದಲ್ಲಿ ವಿಜ್ಞಾನಿ ಗ್ರೆಗ್ ಆಸ್ನರ್ ತಂಡ ವಿಮಾನದಿಂದ ಮರಗಳ ನೆತ್ತಿಯ ಎಲೆಗಳಲ್ಲಿರುವ ನೀರು ಅಳೆದು, ಉಪಗ್ರಹ ಮಾಹಿತಿಯನ್ನೂ ಸೇರಿಸಿ ಲೆಕ್ಕ ಹಾಕಿತು. 2011ರಿಂದ 2015ರ ನಡುವೆ ಸುಮಾರು 5.8 ಕೋಟಿ ದೊಡ್ಡ ಮರಗಳು ತೀರಾ ನೀರು ಕಳೆದುಕೊಂಡಿದ್ದವು.

6. ನಕ್ಷೆ ಹಿಡಿದು ಮತ್ತೆ ಕಾಡಿಗೆ ಹೋಗಿ

ಹೆಸರು ಬರೆದುಕೊಂಡ ಮರಗಳ ಗೆರೆ ತೋರಿಸಿ ಕಂಪ್ಯೂಟರ್‌ಗೆ ಜಾತಿ ಕಲಿಸಿದರೆ ಅದು ಇಡೀ ಕಾಡಿನ ನಕ್ಷೆ ಮಾಡಿಕೊಡುತ್ತದೆ. ಆದರೆ ಆ ಮರಗಳಲ್ಲಿ ಒಂದಷ್ಟನ್ನು ಅದಕ್ಕೆ ತೋರಿಸದೆ ಬಚ್ಚಿಡಿ. ನಕ್ಷೆ ತಯಾರಾದ ಮೇಲೆ ಅವನ್ನು ತೆಗೆದು ಹೋಲಿಸಿ. ತಪ್ಪಿದ ಕಡೆ ಹೋಗಿ ನೋಡಿ. ಮರವನ್ನು ಲಂಟಾನ ಮುಚ್ಚಿಕೊಂಡಿರಬಹುದು, ಬಳ್ಳಿ ಹಬ್ಬಿರಬಹುದು. ಮೇಲಿಂದ ಕ್ಯಾಮೆರಾಕ್ಕೆ ಕಂಡಿದ್ದು ಆ ಬಳ್ಳಿಯೇ.

ಮನೆಯಲ್ಲೇ ಕೈ ಆಡಿಸುವ ಆಸೆ ಇದ್ದರೆ ಜೆಪಿಎಲ್ ಅವಿರಿಸ್-ಎನ್‌ಜಿ ಮಾಹಿತಿಯನ್ನು ಉಚಿತವಾಗಿ ಕೊಡುತ್ತದೆ. ಅದನ್ನು ತೆರೆದು ನೋಡುವ ನಕ್ಷೆಯ ಸಾಫ್ಟ್‌ವೇರ್ ಕ್ಯೂಜಿಐಎಸ್ ಕೂಡ ಪುಕ್ಕಟೆ. ಒಂದೊಂದು ಹಾರಾಟದ ಫೈಲೂ ಭಾರಿ ದೊಡ್ಡದು, ಸಾದಾ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಮೊದಲು ಒಂದು ಸಣ್ಣ ತುಂಡು ಕತ್ತರಿಸಿಕೊಂಡು, ಒಂದು ಮರ, ಒಂದು ರಸ್ತೆ, ಒಂದು ಕೆರೆಯ ಗೆರೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.