ಜರ್ಮನಿಗೆ ಓದೋಕೆ ಹೊರಟವರಿಗೆ: ಸೂಟ್‌ಕೇಸಲ್ಲಿ ನಾನು ತುಂಬಿದ್ದು, ಬಿಟ್ಟು ಬಂದಿದ್ದು

ಜುಲೈ ಬಂತು ಅಂದ್ರೆ ನನಗೆ ಫೋನ್ ಶುರುವಾಗುತ್ತೆ. ಹಾಸನದಿಂದ, ತುಮಕೂರಿಂದ, ಮೈಸೂರಿಂದ, ಸ್ನೇಹಿತರ ತಮ್ಮ, ಅತ್ತಿಗೆ ಕಡೆಯ ಹುಡುಗಿ, ಎಲ್ಲರದ್ದೂ ಒಂದೇ ಪ್ರಶ್ನೆ, "ಅಣ್ಣಾ, ಏನೇನ್ ತರ್ಬೇಕು?" ನಾನಿರೋದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ, 2011ರಲ್ಲಿ ಮಾಸ್ಟರ್ಸ್ ಮಾಡೋಕೆ ಅಂತ ಬಂದವನು ಇಲ್ಲೇ ಉಳ್ಕೊಂಡೆ. ಪ್ರತಿ ಸಲ ಫೋನಲ್ಲಿ ಅರ್ಧ ಹೇಳಿ ಅರ್ಧ ಮರೀತೀನಿ, ಅದಕ್ಕೆ ಈ ಸಲ ಕೂತು ಪೂರ್ತಿ ಬರೀತಿದೀನಿ.

ಕಾಗದಪತ್ರದ್ದು ಬೇಗ ಮುಗಿಸಿಬಿಡ್ತೀನಿ. ಎಪಿಎಸ್ ಸರ್ಟಿಫಿಕೇಟ್, ಅಂದ್ರೆ ನಿಮ್ಮ ಡಿಗ್ರಿ, ಮಾರ್ಕ್ಸ್ ಕಾರ್ಡ್ ಅಸಲಿ ಅಂತ ಜರ್ಮನಿ ಕಡೆಯವರು ನೋಡಿ ಕೊಡೋ ಪತ್ರ, ಮೊದಲು ಮಾಡಿಸ್ಕೊಳ್ಳಿ, ಅದಿಲ್ದೆ ವೀಸಾ ಮುಂದಕ್ಕೆ ಹೋಗಲ್ಲ. ಬ್ಲಾಕ್ಡ್ ಅಕೌಂಟಿಗೆ, ಅಂದ್ರೆ ಇಲ್ಲಿನ ಖರ್ಚಿಗೆ ಅಂತ ಮೊದಲೇ ದುಡ್ಡು ಕಟ್ಟಿಡೋ ಖಾತೆಗೆ, 2024ರ ಸೆಪ್ಟೆಂಬರಿಂದ ವರ್ಷಕ್ಕೆ 11,904 ಯೂರೋ ಮಾಡಿದಾರೆ, ತಿಂಗಳಿಗೆ 992 ತೆಗೀಬಹುದು. ಜರ್ಮನೀಲಿ ಓದು ಪೂರ್ತಿ ಫ್ರೀ ಅಂತ ಮನೇಲಿ ಹೇಳಿಬಿಡ್ಬೇಡಿ, ನಮ್ಮ ಬಾಡನ್-ವ್ಯೂರ್ಟೆಂಬೆರ್ಗ್ ರಾಜ್ಯದಲ್ಲಿ 2017ರಿಂದ ಯುರೋಪಿನ ಹೊರಗಿಂದ ಬಂದವರಿಗೆ ಸೆಮಿಸ್ಟರಿಗೆ 1,500 ಯೂರೋ ಫೀಸ್ ಇದೆ. ರೂಮಿಗೆ ಬಂದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದ್ರೆ ವಿಳಾಸ ನೋಂದಣಿ ಆಗ್ಬೇಕು, ಅದಕ್ಕೆ ಮನೆ ಮಾಲೀಕರ ಸಹಿ ಇರೋ ಫಾರಂ ಬೇಕು. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಎಲ್ಲಾ ಕೈಲಿರೋ ಬ್ಯಾಗಲ್ಲಿ ಇಟ್ಕೊಳ್ಳಿ, ಚೆಕ್-ಇನ್‌ಗೆ ಹಾಕ್ಬೇಡಿ. ಅಷ್ಟೇ.

ಈಗ ಸೂಟ್‌ಕೇಸ್. ನಮ್ಮೂರು ಅರಸೀಕೆರೆ ಹತ್ರ, ಸುತ್ತ ತೆಂಗಿನ ತೋಟ, ತಿಪಟೂರು ಮಾರ್ಕೆಟ್ಟು ಪಕ್ಕದಲ್ಲೇ. ಕೊಬ್ಬರಿ ಇಲ್ದೆ ಹೆಂಗೆ ಅಡುಗೆ ಮಾಡ್ಕೊತಾನೆ ಅಂತ ಅಮ್ಮ ಎರಡು ಕೆಜಿ ಕೊಬ್ಬರಿ ಗಿಟುಕು ಬಟ್ಟೇಲಿ ಸುತ್ತಿ ಇಟ್ಟಿದ್ರು. ಬ್ಯಾಗ್ ಸ್ಕ್ಯಾನ್ ಆದ ಮೇಲೆ ನನ್ನ ಹೆಸರು ಕೂಗಿದ್ರು, ಹೋದ್ರೆ ಬ್ಯಾಗ್ ಬಿಚ್ಚು ಅಂದ್ರು, ಒಂದೊಂದೇ ಗಿಟುಕು ತೆಗೆದು ಡಬ್ಬಕ್ಕೆ ಹಾಕಿದ್ರು. ಒಣ ಕೊಬ್ಬರೀಲಿ ಎಣ್ಣೆ ಜಾಸ್ತಿ, ತಾನಾಗೇ ಬಿಸಿಯಾಗಿ ಬೆಂಕಿ ಹತ್ಕೊಳ್ಳೋ ಸಾಮಾನಿನ ಪಟ್ಟೀಲಿ ವಿಮಾನದವರು ಅದನ್ನ ಇಟ್ಟಿದಾರೆ, ನಮ್ಮ ತೋಟದ ಬೆಳೇನೇ ಆದ್ರೂ ಇದು ನಮಗೆ ಒಬ್ಬರಿಗೂ ಗೊತ್ತಿರ್ಲಿಲ್ಲ. ಇನ್ನು ತುಪ್ಪ. ಹಾಲು, ತುಪ್ಪ, ಮಾಂಸದ ಪದಾರ್ಥ ಯಾವುದನ್ನೂ ಭಾರತದಿಂದ ಯುರೋಪಿಗೆ ತರೋ ಹಾಗಿಲ್ಲ, ಅದು ಇಳಿದ ಕಡೆ ಹೋಯ್ತು. ಅಜ್ಜಿ ಬೆಣ್ಣೆ ಕಾಸಿ ಮಾಡಿದ ತುಪ್ಪ, ಮುಚ್ಚಳಕ್ಕೆ ಮೇಣ ಹಾಕಿ ಕಳಿಸಿದ್ರು. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಕಾಯಿ ಕೂಡ ಸಸ್ಯ ಸರ್ಟಿಫಿಕೇಟ್ ಇಲ್ದೆ ತರಂಗಿಲ್ಲ, 2019ರ ಡಿಸೆಂಬರಿಂದ ಈ ರೂಲ್ಸ್ ಇನ್ನೂ ಬಿಗಿ. ಕರಿಬೇವು ಬೇಕೇ ಬೇಕು ಅಂದ್ರೆ ನೆರಳಲ್ಲಿ ಒಣಗಿಸಿ ಪುಡಿಗೆ ಸೇರಿಸ್ಕೊಂಡು ಬನ್ನಿ.

ಆದ್ರೆ ಇವತ್ತಿಗೂ ಹೊಟ್ಟೆ ಉರಿಯೋದು ಕೊಬ್ಬರಿಗಲ್ಲ, ತುಪ್ಪಕ್ಕೂ ಅಲ್ಲ. ಏರ್‌ಪೋರ್ಟ್ ಗೇಟ್ ಹೊರಗೆ ಅಪ್ಪ ಕೈತಕ್ಕಡಿ ತಂದಿದ್ರು, ತೂಗಿದ್ರೆ ಒಂದೂವರೆ ಕೆಜಿ ಜಾಸ್ತಿ, ನನಗೆ ತಲೆ ಕೆಟ್ಟು ಎಲ್ಲರ ಮುಂದೆ ಅಮ್ಮನ ಮೇಲೆ ರೇಗಿದೆ, ಇದ್ಯಾಕೆ ತುಂಬಿದೀಯ ಅದ್ಯಾಕೆ ತುಂಬಿದೀಯ ಅಂತ. ಬಟ್ಟೆ ಮಧ್ಯೆ ಒಗ್ಗರಣೆ ಸೌಟು ಸಿಕ್ತು. ಕಬ್ಬಿಣದ್ದು, ಉದ್ದ ಹಿಡಿ, ತುದೀಲಿ ನೇತುಹಾಕೋಕೆ ಕೊಕ್ಕೆ, ಒಳಗೆಲ್ಲ ಎಣ್ಣೆ ಕುಡಿದು ಕಪ್ಪಗೆ ಮಿರಮಿರ ಅಂತಿತ್ತು, ಅಮ್ಮನ ಅಮ್ಮ ಕೊಟ್ಟಿದ್ದು. ಕಾಲು ಕೆಜಿ ಇತ್ತೇನೋ. ಅದನ್ನ ತೆಗೆದು ಅಪ್ಪನ ಕೈಗೆ ಕೊಟ್ಟೆ, ಮೂರು ಜೀನ್ಸ್ ಹಂಗೇ ಇಟ್ಕೊಂಡೆ. ಅಮ್ಮ ಏನೂ ಅನ್ಲಿಲ್ಲ, ಸೌಟನ್ನ ಸೆರಗಲ್ಲಿ ಒರೆಸಿ ಚೀಲಕ್ಕೆ ಹಾಕ್ಕೊಂಡ್ರು.

ನಾನು ಇಳಿದಿದ್ದು ಅಕ್ಟೋಬರ್ 1, ಶನಿವಾರ ರಾತ್ರಿ. ಭಾನುವಾರ ಇಲ್ಲಿ ಅಂಗಡಿ ಬಾಗಿಲೇ ತೆಗೆಯಲ್ಲ, ಸೋಮವಾರ ಅಕ್ಟೋಬರ್ 3, ಎರಡು ಜರ್ಮನಿ ಒಂದಾದ ದಿನ ಅಂತ ಸರ್ಕಾರಿ ರಜೆ. ಮಂಗಳವಾರದವರೆಗೆ ಒಂದು ಬ್ರೆಡ್ಡೂ ಕೊಳ್ಳೋಕೆ ಆಗ್ಲಿಲ್ಲ. ಅಮ್ಮ ಇಟ್ಟಿದ್ದ ಗೊಜ್ಜವಲಕ್ಕಿ ಪುಡಿ, ಅವಲಕ್ಕಿ, ಹುರಿಗಾಳು, ಇದ್ರಲ್ಲೇ ಮೂರು ಹೊತ್ತು, ಹಾಸ್ಟೆಲ್ ಕೆಟಲ್‌ನಲ್ಲಿ ನೀರು ಕಾಯಿಸಿ ಅವಲಕ್ಕಿ ನೆನೆಸ್ಕೊಂಡು ತಿಂದೆ. ಅದಕ್ಕೆ ಹೇಳ್ತೀನಿ, ಮೊದಲ ಮೂರು ದಿನದ ಊಟ ಬ್ಯಾಗಲ್ಲಿ ಇರ್ಲಿ, ಆಮೇಲಿನ ಎರಡು ವರ್ಷದ್ದು ಬೇಡ. ಸೋನಾ ಮಸೂರಿ, ತೊಗರಿಬೇಳೆ, ಹುಣಸೆಹಣ್ಣು, ರಾಗಿ ಹಿಟ್ಟು ಎಲ್ಲಾ ಇಂಡಿಯನ್ ಅಂಗಡಿ, ಶ್ರೀಲಂಕಾ ತಮಿಳರ ಅಂಗಡೀಲಿ ಸಿಗುತ್ತೆ. ಸಿಗದೇ ಇರೋದು ಒಳ್ಳೆ ಬ್ಯಾಡಗಿ ಮೆಣಸಿನಕಾಯಿ ಮತ್ತೆ ನಿಮ್ಮ ಮನೆಯ ಸಾರಿನ ಪುಡಿ, ಅದನ್ನ ತನ್ನಿ.

ಕುಕ್ಕರ್ ತರೋರು ಅಲ್ಯೂಮಿನಿಯಂದು ತರ್ಬೇಡಿ, ಇಂಡಕ್ಷನ್ ಒಲೆ ಮೇಲೆ ಅದು ಕಾಯೋದೇ ಇಲ್ಲ, ತಳ ಚಪ್ಪಟೆ ಇರೋ ಸ್ಟೀಲಿಂದು, ಇಂಡಕ್ಷನ್ ಗುರುತು ನೋಡಿ ತಗೊಳ್ಳಿ, ಜೊತೆಗೆ ಎರಡು ಗ್ಯಾಸ್ಕೆಟ್, ಒಂದು ಸೇಫ್ಟಿ ವಾಲ್ವ್. ನನ್ನ ಗ್ಯಾಸ್ಕೆಟ್ ಆರನೇ ತಿಂಗಳಿಗೆ ಸಡಿಲ ಆಗಿ, ಊರಿಂದ ಯಾರಾದ್ರೂ ಬರೋವರೆಗೂ ಪಾತ್ರೇಲಿ ಒಂದೊಂದು ಗಂಟೆ ಬೇಳೆ ಬೇಯಿಸಿದೀನಿ. ಮಿಕ್ಸಿ ತರಬಹುದು, ಕರೆಂಟ್ ಎರಡೂ ಕಡೆ 230 ವೋಲ್ಟೇ, ಆದ್ರೆ ನಮ್ಮ ಮೂರು ಪಿನ್ ಇಲ್ಲಿ ಕೂರಲ್ಲ, ಅರ್ಥಿಂಗ್ ಇರೋ ಗಟ್ಟಿ ಅಡಾಪ್ಟರ್ ಬೇಕು. ಚಳಿ ಕೋಟು ಬೆಂಗಳೂರಲ್ಲಿ ಕೊಂಡು ದುಡ್ಡು ಕಳೀಬೇಡಿ, ಥರ್ಮಲ್ ಎರಡು ಜೊತೆ ತನ್ನಿ, ಕೋಟು, ಶೂ ಇಲ್ಲೇ ತಗೊಳ್ಳಿ. ಹಲ್ಲು ತೋರಿಸಿ ಬನ್ನಿ, ಕನ್ನಡಕ ಹಾಕೋರು ಇನ್ನೊಂದು ಜೊತೆ ಮಾಡಿಸಿ.

ಹೊರಡೋ ಮುಂಚೆ ಒಂದು ಕೆಲಸ ಮಾಡ್ಲೇಬೇಕು, ಕೈ ಮುಗಿದು ಕೇಳ್ತೀನಿ. ಅಮ್ಮ ಸಾರಿನ ಪುಡಿ ಹುರಿಯೋ ದಿನ ಪಕ್ಕದಲ್ಲಿ ನಿಂತು ಪೂರ್ತಿ ವಿಡಿಯೋ ಮಾಡಿ, ಅವರು ಹಿಡಿ ಅಂದಾಗ ಆ ಹಿಡೀನ ತಕ್ಕಡಿಗೆ ಹಾಕಿ ತೂಕ ಬರ್ಕೊಳ್ಳಿ. ನಾನು ಫೋನಲ್ಲಿ ಕೇಳ್ತಿದ್ದೆ, "ಮೆಂತ್ಯ ಎಷ್ಟಮ್ಮ?" "ಅರ್ಧ ಹಿಡಿ ಕಣೋ, ಕೆಂಪಗಾಗ್ತಿದ್ದಂಗೆ ಇಳಿಸ್ಬಿಡು, ಕಪ್ಪಗಾದ್ರೆ ಕಹಿ." ಅಮ್ಮನ ಕೈ ಚಿಕ್ಕದು, ನಂದು ದೊಡ್ಡದು, ಪ್ರತಿ ಸಲ ಕಹಿ. ಮುಂದಿನ ಸಲ ಊರಿಗೆ ಹೋದಾಗ ಅಳತೆ ಬರ್ಕೊಂಡ್ರಾಯ್ತು ಅಂತ ಹತ್ತು ವರ್ಷ ದೂಡಿದೆ. 2021ರ ಮೇ ತಿಂಗಳಲ್ಲಿ ಅಮ್ಮ ಹೋದ್ರು, ನನಗೆ ಸಮಯಕ್ಕೆ ಹೋಗೋಕೂ ಆಗ್ಲಿಲ್ಲ.

ಭಾಷೆ ವಿಷಯದಲ್ಲೂ ತಪ್ಪು ಮಾಡಿದೀನಿ. ಕೋರ್ಸ್ ಇಂಗ್ಲಿಷಲ್ಲಿದೆ ಅಂತ ಎರಡು ವರ್ಷ ಜರ್ಮನ್ ಮುಟ್ಲಿಲ್ಲ. ಈ ಕಡೆ ಕೇರ್‌ವೋಖೆ ಅಂತ ಪದ್ಧತಿ ಇದೆ, ಬಿಲ್ಡಿಂಗ್ ಮೆಟ್ಟಿಲು ಗುಡಿಸೋದು ಮನೆಯಿಂದ ಮನೆಗೆ ವಾರದ ಪಾಳಿ, ನಿಮ್ಮ ಪಾಳಿ ಬಂದಾಗ ಬಾಗಿಲಿಗೆ ಬೋರ್ಡ್ ನೇತುಹಾಕ್ತಾರೆ. ನಾನು ಅದನ್ನ ಓದೋಕೆ ಬರ್ದೆ ಸುಮ್ನಿದ್ದೆ, ಕೆಳಗಿನ ಮನೆ ವಯಸ್ಸಾದ ಅಮ್ಮ ನನ್ನ ಪಾಲಿನ ಮೆಟ್ಟಿಲನ್ನ ಎಷ್ಟೋ ವಾರ ತಾವೇ ಮಂಡಿ ಊರಿ ಒರೆಸಿದಾರೆ. ಗೊತ್ತಾದ ದಿನ ನಾಚಿಕೆಯಿಂದ ಅವರ ಮುಖ ನೋಡೋಕೆ ಆಗ್ಲಿಲ್ಲ, ಕ್ಷಮಿಸಿ ಅನ್ನೋಕೂ ಭಾಷೆ ಇರ್ಲಿಲ್ಲ. ಎ2, ಅಂದ್ರೆ ಜರ್ಮನ್ ಕಲಿಕೆಯ ಎರಡನೇ ಹಂತ, ಅಷ್ಟಾದ್ರೂ ಊರಲ್ಲೇ ಮುಗಿಸಿ ಬನ್ನಿ.

ಎಷ್ಟೋ ವರ್ಷ ಆದ ಮೇಲೆ ಗೊತ್ತಾಯ್ತು, ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ 1843ರಲ್ಲಿ ತಂದ ಹರ್ಮನ್ ಮೋಗ್ಲಿಂಗ್ ತೀರ್ಕೊಂಡಿದ್ದು ನಾನಿರೋ ಇದೇ ಎಸ್ಲಿಂಗನ್‌ನಲ್ಲಿ, 1881ರಲ್ಲಿ. ಕಿಟೆಲ್ ಕಡೇ ದಿನ ಕಳೆದ ಟ್ಯೂಬಿಂಗನ್ ಕೂಡ ಇಲ್ಲಿಂದ ದೂರ ಇಲ್ಲ. ಒಂದು ಭಾನುವಾರ ಮಗಳನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ದೆ, ಇವರು ನಮ್ಮ ಧಾರವಾಡಕ್ಕೆ ಬಂದು ಕನ್ನಡ ಕಲಿತು 70,000 ಪದದ ನಿಘಂಟು ಮಾಡಿದ್ರು ಪುಟ್ಟಾ ಅಂದೆ. ಅವಳಿಗೆ ಎಂಟು ವರ್ಷ, ನಾನು ಕನ್ನಡದಲ್ಲಿ ಕೇಳಿದ್ರೆ ಜರ್ಮನಲ್ಲಿ ಉತ್ತರ ಕೊಡ್ತಾಳೆ. ಸ್ವಲ್ಪ ಹೊತ್ತು ಯೋಚನೆ ಮಾಡಿ, "ಅವ್ರಿಗೆ ಯಾರು ಕಲ್ಸಿದ್ರು ಅಪ್ಪಾ?" ಅಂತ ಕನ್ನಡದಲ್ಲೇ ಕೇಳಿದ್ಲು. ಆವತ್ತಿಂದ ರಾತ್ರಿ ಊಟದ ಹೊತ್ತು ಮನೇಲಿ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಮಕ್ಕಳ ಯೋಚನೆ ನಿಮಗೆ ಈಗ ಇರಲ್ಲ, ನನಗೂ ಇರ್ಲಿಲ್ಲ, ಆದ್ರೂ ನಾಲ್ಕು ಕನ್ನಡ ಪುಸ್ತಕ ತನ್ನಿ, ಒಂದು ಕೆಜಿ ಆಗಲ್ಲ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇದೆ, ಫ್ರಾಂಕ್‌ಫರ್ಟ್ ಕಡೆ ರೈನ್ ಮೈನ್ ಕನ್ನಡ ಸಂಘ ಇದೆ, ಯುಗಾದಿ, ರಾಜ್ಯೋತ್ಸವಕ್ಕೆ ಹೋಗಿ ಬನ್ನಿ. ನಾನು ಓದು ಓದು ಅಂತ ಮೊದಲ ಮೂರು ವರ್ಷ ಯಾವ ಹಬ್ಬಕ್ಕೂ ಹೋಗ್ಲಿಲ್ಲ, ಒಬ್ಬನೇ ರೂಮಲ್ಲಿ ಕೂತಿದ್ದೆ.

ಅಮ್ಮ ಹೋದ ಮೇಲೆ ಊರಿಗೆ ಹೋದಾಗ ಆ ಸೌಟು ಹುಡುಕಿದೆ. ಅಡುಗೆಮನೆ ರಿಪೇರಿ ಮಾಡಿಸೋವಾಗ ಹಳೇ ಕಬ್ಬಿಣದ ಜೊತೆ ಗುಜರಿಗೆ ಹೋಯ್ತು ಅಂತ ತಮ್ಮ ಅಂದ, ಅವನದ್ದೇನು ತಪ್ಪು. ಈಗ ಸ್ಟೀಲಿನ ಪುಟ್ಟ ಬಾಣಲೇಲಿ ಒಗ್ಗರಣೆ ಹಾಕ್ತೀನಿ, ಇಂಡಕ್ಷನ್ ಮೇಲೆ ಎಣ್ಣೆ ಒಂದು ಕಡೆ ಮಾತ್ರ ಕಾಯುತ್ತೆ, ಸಾಸಿವೆ ಅರ್ಧ ಸಿಡಿಯುತ್ತೆ ಅರ್ಧ ಸಿಡಿಯಲ್ಲ. ಹೊರಡೋ ದಿನ ತೂಕ ಜಾಸ್ತಿ ಬಂದು ಏನಾದ್ರೂ ತೆಗೀಲೇಬೇಕು ಅಂತಾದ್ರೆ, ಜೀನ್ಸ್ ತೆಗೀರಿ.