ಹೋಸ್ಟ್‌ನೇಮ್, ಐಪಿ ವಿಳಾಸಗಳನ್ನು ಪರಿಶೀಲಿಸುವುದು ಹೇಗೆ?

ಬಳಕೆದಾರರು ಕೊಟ್ಟ ಕೊಂಡಿಯನ್ನು ಸರ್ವರ್ ತಾನೇ ತೆರೆದು ನೋಡುವ ವೆಬ್ ಆ್ಯಪ್‌ಗಳಲ್ಲಿ, ಆ ವಿಳಾಸ ನಮ್ಮದೇ ಒಳಜಾಲದತ್ತ ತಿರುಗಿಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಇದಕ್ಕೆಂದು ಬರೆದ ಕೋಡನ್ನು ರಿವ್ಯೂ ಮಾಡುವಾಗ ನನ್ನ ಕಣ್ಣಿಗೆ ಹೆಚ್ಚಾಗಿ ಬೀಳುವುದು ಎಲ್ಲಿಂದಲೋ ನಕಲಿಸಿ ತಂದ ಎರಡು ಸಾಲಿನ ರೆಜೆಕ್ಸ್ (ಅಕ್ಷರಗಳ ವಿನ್ಯಾಸವನ್ನು ಹೊಂದಿಸಿ ನೋಡುವ ಸೂತ್ರ). ಮೊದಲು ಅದನ್ನು ಅಳಿಸಿಹಾಕಿ.

ಹೋಸ್ಟ್‌ನೇಮ್‌ನ, ಅಂದರೆ ಕೊಂಡಿಯಲ್ಲಿರುವ ಸರ್ವರ್ ಹೆಸರಿನ, ನಿಯಮ ಚಿಕ್ಕದು: ಒಟ್ಟು ಉದ್ದ 253 ಅಕ್ಷರ, ಚುಕ್ಕಿಗಳ ನಡುವಿನ ಒಂದೊಂದು ತುಂಡು 63 ಅಕ್ಷರ ಮೀರಬಾರದು, ತುಂಡಿನ ಮೊದಲಲ್ಲಾಗಲಿ ಕೊನೆಯಲ್ಲಾಗಲಿ ಹೈಫನ್ ಇರಕೂಡದು. ‘.ಭಾರತ’ ಎಂದು ಮುಗಿಯುವ ಕನ್ನಡ ಹೆಸರುಗಳನ್ನು ಪ್ಯೂನಿಕೋಡ್‌ಗೆ (ಇಂಗ್ಲಿಷ್ ಅಕ್ಷರ, ಅಂಕಿಗಳ ರೂಪಕ್ಕೆ) ಬದಲಿಸಿದ ಮೇಲೆಯೇ ಉದ್ದವನ್ನು ಅಳೆಯಬೇಕು. ಅಂಕಿಯಿಂದ ಆರಂಭವಾಗುವ ಹೆಸರನ್ನು ತಳ್ಳಿಹಾಕಬೇಡಿ. 1989ರ ಇಂಟರ್ನೆಟ್ ನಿಯಮಪತ್ರ ಆರ್‌ಎಫ್‌ಸಿ 1123 ಅದಕ್ಕೆ ಒಪ್ಪಿಗೆ ಕೊಟ್ಟಿದೆ.

ಎಡವುವುದು ಜಾಲದಲ್ಲಿ ಯಂತ್ರವನ್ನು ಗುರುತಿಸುವ ಸಂಖ್ಯೆಯಾದ ಐಪಿ ವಿಳಾಸದಲ್ಲಿ. ಯಂತ್ರ ತನ್ನನ್ನೇ ಸೂಚಿಸಲು ಬಳಸುವ 127.0.0.1 ಎಂಬ ಅಕ್ಷರಸಾಲನ್ನು ತಡೆದವರು 127.1, 0177.0.0.1, 2130706433 ಎಂಬ ರೂಪಗಳನ್ನು ಮರೆಯುತ್ತಾರೆ. ಅನೇಕ ವ್ಯವಸ್ಥೆಗಳಿಗೆ ಇವೆಲ್ಲವೂ ಒಂದೇ. 010.8.8.8 ಎಂಬುದನ್ನು ದಶಮಾನದಲ್ಲಿ ಓದಿದರೆ ಅದು ಒಳಜಾಲದ 10.8.8.8, ಅಷ್ಟಮಾನದಲ್ಲಿ ಓದಿದರೆ ಹೊರಗಿನ 8.8.8.8. ಪೈಥಾನ್‌ನ ‘ಐಪಿಅಡ್ರೆಸ್’ ಮಾಡ್ಯೂಲ್ ಕೂಡ ಇಲ್ಲಿ ಎಡವಿತ್ತು, 3.9.5 ಆವೃತ್ತಿಯಿಂದ ಅದು ಮುಂದೆ ಸೊನ್ನೆಯಿರುವ ಅಂಕಿಗಳನ್ನು ನಿರಾಕರಿಸುತ್ತದೆ. ರೆಜೆಕ್ಸ್‌ನ ಅವಾಂತರ ಇನ್ನೂ ವಿಚಿತ್ರ: ಪೈಥಾನ್‌ನಲ್ಲಿ ಅಂಕಿಗಾಗಿ ಬಳಸುವ ‘ಬ್ಯಾಕ್‌ಸ್ಲ್ಯಾಷ್ ಡಿ’ ಕನ್ನಡದ ೧೦.೦.೦.೧ ಅನ್ನೂ ಸಲೀಸಾಗಿ ಒಳಗೆ ಬಿಡುತ್ತದೆ. ಆದ್ದರಿಂದ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಪಾರ್ಸರನ್ನು (ವಿಳಾಸವನ್ನು ಬಿಡಿಸಿ ಓದುವ ಕೋಡನ್ನು), ಅದೂ ಹೊಸ ಆವೃತ್ತಿಯದನ್ನೇ, ಬಳಸಿ.

ಪಾರ್ಸರ್ ಇದ್ದರೂ ಒಂದು ಕಿಂಡಿ ಉಳಿಯುತ್ತದೆ. 127.1 ಐಪಿ ಅಲ್ಲವೆಂದು ಪಾರ್ಸರ್ ಹೇಳಿದೊಡನೆ ಕೋಡ್ ಅದನ್ನು ಹೋಸ್ಟ್‌ನೇಮ್ ಎಂದು ಭಾವಿಸುತ್ತದೆ, ಮೇಲಿನ ನಿಯಮಗಳಲ್ಲಿ ಅದು ಪಾಸೂ ಆಗುತ್ತದೆ, ಕೊನೆಗೆ ಹೆಸರನ್ನು ವಿಳಾಸವಾಗಿಸುವ ರಿಸಾಲ್ವರ್ ಅದನ್ನೇ 127.0.0.1 ಎಂದು ಬಿಡಿಸಿ ಕೊಡುತ್ತದೆ. ಕೊನೆಯ ತುಂಡು ಬರಿಯ ಅಂಕಿಗಳಾಗಿದ್ದರೆ ಆ ಹೆಸರನ್ನು ಅಲ್ಲಿಯೇ ತಿರಸ್ಕರಿಸಿ.

ಉಳಿದ ಹೆಸರುಗಳನ್ನು ಡಿಎನ್‌ಎಸ್‌ನಲ್ಲಿ (ಹೆಸರಿಗೆ ಐಪಿ ವಿಳಾಸ ಹುಡುಕಿಕೊಡುವ ವ್ಯವಸ್ಥೆಯಲ್ಲಿ) ಬಿಡಿಸಿ, ಬಂದ ಎಲ್ಲ ವಿಳಾಸಗಳನ್ನೂ ಪರೀಕ್ಷಿಸಿ ಇವುಗಳನ್ನು ತಡೆಯಬೇಕು: 10, 172.16ರಿಂದ 172.31, 192.168 ಎಂದು ಆರಂಭವಾಗುವ ಖಾಸಗಿ ವಿಳಾಸಗಳು, 127ರಿಂದ ಆರಂಭವಾಗುವ, ಯಂತ್ರ ತನಗೇ ಮರಳುವ ಲೂಪ್‌ಬ್ಯಾಕ್ ವಿಳಾಸಗಳು, ಕ್ಲೌಡ್ ಸರ್ವರ್‌ಗಳ ಗುಟ್ಟಿನ ಕೀಲಿಗಳು ಸಿಗಬಹುದಾದ 169.254.169.254, ಹೊಸ ಮಾದರಿಯ ವಿಳಾಸವಾದ ಐಪಿವಿ6ರ ಲೂಪ್‌ಬ್ಯಾಕ್ ::1, ಜೊತೆಗೆ ಐಪಿವಿ6ರೊಳಗೆ ಅಡಗಿಸಿಟ್ಟ ಹಳೆಯ ಮಾದರಿಯ ಐಪಿವಿ4. ಪರೀಕ್ಷಿಸಿದ ಆ ವಿಳಾಸಕ್ಕೇ ಸಂಪರ್ಕ ಮಾಡಿ, ಹೆಸರನ್ನು ಸೈಟಿನ ಗುರುತಿನ ಸರ್ಟಿಫಿಕೇಟ್ ತಾಳೆ ನೋಡಲು ಮಾತ್ರ ಉಳಿಸಿಕೊಳ್ಳಿ; ಎರಡನೆಯ ಸಲ ಬಿಡಿಸಿದರೆ ಡಿಎನ್‌ಎಸ್ ಬೇರೆ ಉತ್ತರ ಕೊಟ್ಟೀತು. ರಿಡೈರೆಕ್ಟ್ (ಬೇರೆ ಕೊಂಡಿಗೆ ಹೋಗುವಂತೆ ಸೈಟ್ ಕೊಡುವ ಸೂಚನೆ) ಬಂದರೆ ಇಷ್ಟನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ. ನಾನಂತೂ ರಿಡೈರೆಕ್ಟನ್ನು ಮುಚ್ಚಿಯೇ ಇಟ್ಟಿರುತ್ತೇನೆ.